ಪ್ರತಿ ಸಾಲಿಗೂ ಅವಳದೇ ಹೆಸರು

“ಇಲ್ಲೊಂದು ಸಹಿ ಮಾಡ್ರಿ ಬಾಯಾರ, ನಿಮ್ಮ ಕೆಲಸ ಮುಗೀತು,” ಎಂದು ಮಲ್ಲಿನಾಥ ಶೇಠರು ಪೆನ್ನಿನ ಟೋಪಿ ತೆಗೆದು ಮುಂದೆ ಹಿಡಿದರು.

ಸುಶೀಲಾಬಾಯಿ ಪೆನ್ನು ತೆಗೆದುಕೊಂಡಳು. ಸಹಿ ಮಾತ್ರ ಮಾಡಲಿಲ್ಲ. ಪೊಲೀಸ್ ಖಾತೆಯಲ್ಲಿ ಹವಾಲ್ದಾರಳಾಗಿ ತಲೆ ಬೆಳ್ಳಗೆ ಮಾಡಿಕೊಂಡು, ನಿವೃತ್ತಳಾದ ಮೇಲೆ ಕೊಲ್ಹಾಪುರದಲ್ಲಿ ಚೌಕಶಿ, ಅಂದರೆ ಖಾಸಗಿ ಪತ್ತೇದಾರಿ, ಕಚೇರಿ ತೆರೆದ ಹೆಂಗಸು ಅವಳು. ಹುಡುಗ ಕುಡಿಯುತ್ತಾನೇನು, ಹುಡುಗಿಯ ಮನೆತನ ಹೇಗೆ ಎಂದು ಮದುವೆ ಮನೆಯವರಿಗೆ ಸುದ್ದಿ ತೆಗೆದುಕೊಡುವುದೇ ಅವಳ ಹೆಚ್ಚಿನ ಕೆಲಸ. ಓದದೆ ಸಹಿ ಮಾಡುವವರನ್ನು ಕಂಡರೆ ಅವಳಿಗೆ ಮೈ ಉರಿಯುತ್ತಿತ್ತು.

ಹೋದ ವಾರ ಆಸ್ಪತ್ರೆಯಲ್ಲಿ, ಮಗ್ಗಕ್ಕೆ ಬಲಗೈ ಬೆರಳು ಕಳೆದುಕೊಂಡು ಮಲಗಿದ್ದ ಯಲಗೂರಪ್ಪನ ಎದುರಿನಲ್ಲೇ, ಅವನ ಸ್ವಂತ ಮಗಳು ಪ್ರಾಜಕ್ತಾಳಿಗೆ “ನಿಮ್ಮಪ್ಪನ ಬೆರಳ ತಗದಾಕಿ ನೀನ” ಎಂದು ಹೇಳಿ ಬಂದಿದ್ದವಳೂ ಇವಳೇ.

ಈಗ ಮುಂದಿದ್ದದ್ದು ಪ್ರಾಜಕ್ತಾಳ ಮೇಲೆ ಪೊಲೀಸರಿಗೆ ಕೊಡುವ ತಕ್ರಾರ ಅರ್ಜಿ, ಚೌಕಶಿ ಮಾಡಿದವಳೆಂದು ಸುಶೀಲಾಬಾಯಿಯ ಸಹಿ ಬೇಕಿತ್ತು. ಅದರ ಹಿಂದೆ ಪ್ರೋಗ್ರಾಮಿನ ಪ್ರಿಂಟು.

ಮಲ್ಲಿನಾಥ ಶೇಠರ ಕಂಪನಿ ಇಚಲಕರಂಜಿಯ ಮಗ್ಗಗಳಿಗೆ ಕಂಟ್ರೋಲರ್ ಪೆಟ್ಟಿಗೆ ಕೂಡಿಸಿಕೊಡುತ್ತದೆ. ಪೆಟ್ಟಿಗೆಯ ಪ್ರೋಗ್ರಾಮು ಬರೆಯುವವಳು ಪ್ರಾಜಕ್ತಾ. ಮಗ್ಗದ ಮುಂದೆ ಒಂದು ಎಲೆಕ್ಟ್ರಾನಿಕ್ ಕಣ್ಣು ಇರುತ್ತದೆ. ಓಡುವ ಮಗ್ಗಕ್ಕೆ ಯಾರದಾದರೂ ಕೈ ಅಡ್ಡ ಬಂದರೆ ಆ ಕಣ್ಣು ನೋಡಿ ಮಗ್ಗ ತಟ್ಟನೆ ನಿಲ್ಲಬೇಕು. ಯಲಗೂರಪ್ಪನ ಮಗ್ಗ ನಿಲ್ಲಲಿಲ್ಲ. ಪೆಟ್ಟಿಗೆಯೊಳಗಿನ ಪ್ರೋಗ್ರಾಮಿನಲ್ಲಿ ಯಾರೋ ಆ ಕಣ್ಣನ್ನು ಮುಚ್ಚಿಸಿದ್ದರು.

ಯಾವ ಸಾಲನ್ನು ಯಾರು, ಯಾವಾಗ ಬದಲಿಸಿದರು ಎಂದು ನೆನಪಿಡುವ ವರ್ಷನ್ ಕಂಟ್ರೋಲ್ ಸಾಫ್ಟ್‌ವೇರ್ ಒಂದು ಆ ಆಫೀಸಿನಲ್ಲಿತ್ತು. ಅವರೇ ಕಟ್ಟಿಕೊಂಡದ್ದು, ಬಾಯಿಮಾತಿನಲ್ಲಿ ‘ಭಂಡಾರ’ ಅನ್ನುತ್ತಿದ್ದರು. ಕೇಳಿದರೆ ಅದು ಪ್ರತಿ ಸಾಲಿನ ಮುಂದೆ ಕೊನೆಗೆ ಮುಟ್ಟಿದವರ ಹೆಸರು ಹಾಕಿ ಕೊಡುತ್ತದೆ. ಆ ಪ್ರಿಂಟನ್ನು ಸುಶೀಲಾಬಾಯಿಯ ಕೈಗೆ ತಂದುಕೊಟ್ಟವನು ಅವಳ ಮಗ ನಿಲೇಶ, ಅದೇ ಕಂಪನಿಯ ಸರ್ವಿಸ್ ಇಂಜಿನಿಯರ್. “ನೋಡವ್ವ, ಎಲ್ಲಾ ಸಾಲಿಗೂ ಆಕೀದ ಹೆಸರೈತಿ,” ಅಂದಿದ್ದ. ಎಲ್ಲಾ ಸಾಲಿಗೂ ಇತ್ತು. ಇನ್ನೇನು ಬೇಕು ಪುರಾವೆಗೆ ಎಂದು ಅವಳು ಆಸ್ಪತ್ರೆಗೆ ನಡೆದಿದ್ದಳು.

ಇವತ್ತು ಕನ್ನಡಕ ಏರಿಸಿಕೊಂಡು ಮೊದಲ ಸಾಲಿನಿಂದ ನೋಡಿದಳು.

“ಶೇಠಜಿ, ಈ ಮೊದಲ್ನೇ ಸಾಲು ಏನ್ರಿ ಇದು?”

“ಅದಾ? ಶ್ರೀ ಗುರುಬಸವಲಿಂಗಾಯ ನಮಃ ಅಂತ ಐತ್ರಿ.” ಶೇಠರು ಕುಳಿತಲ್ಲೇ ಕೈ ಮುಗಿದರು. “ಕಂಪನಿ ಪೂಜಾದ ದಿನ ಕಾಯಿ ಒಡದು ನನ್ನ ಕೈಲೆ ಬರದದ್ದು. ದೇವರ ಹೆಸರಿಲ್ದ ನಮ್ಮಲ್ಲಿ ಯಾವ ಕೆಲಸಾನೂ ಸುರು ಆಗಂಗಿಲ್ರಿ. ಮಗ್ಗ ಆ ಸಾಲ ಓದಂಗಿಲ್ಲ, ಆದ್ರ ದೇವರು ಓದ್ತಾನ.”

“ಆಮ್ಯಾಲ ಯಾರರ ಅದನ್ನ ಮುಟ್ಯಾರೇನ್ರಿ?”

“ಯಾರ ಮುಟ್ತಾರ್ರಿ! ಕೆಲಸಕ್ಕ ಸೇರಿದ ದಿನಾನ ಹೇಳ್ತೇನಿ, ಉಳಿದದ್ದು ಏನ ಬೇಕಾದ್ದ ಮಾಡ್ರಿ, ದೇವರ ಸಾಲಿಗೆ ಕೈ ಹಚ್ಚಬ್ಯಾಡ್ರಿ ಅಂತ.”

“ಆ ಪೂಜಾದ ದಿನ ಪ್ರಾಜಕ್ತಾ ಎಲ್ಲಿದ್ಲು?”

“ಇನ್ನೂ ಸಣ್ಣ ಕೂಸ್ರಿ, ಸಾಳಿಗೆ ಹೋಗತಿದ್ಲು. ಅವರಪ್ಪನ ಕೂಡ ಬಂದು ಪೇಡೆ ತಿಂದು ಹೋದಾಕಿ.” ಶೇಠರು ನಕ್ಕರು.

“ಹಂಗಾರ ದೇವರ ಸಾಲಿನ ಮುಂದ ಆಕೀ ಹೆಸರು ಹ್ಯಾಂಗ ಬಂತ್ರಿ?”

ಶೇಠರ ನಗು ನಿಂತಿತು. ಕಾಗದವನ್ನು ತಮ್ಮ ಕಡೆ ತಿರುಗಿಸಿಕೊಂಡರು.

ಸುಶೀಲಾಬಾಯಿ ಹಾಳೆ ತಿರುವಿದಳು. ನಡುನಡುವೆ ಖಾಲಿ ಸಾಲುಗಳಿದ್ದವು, ಒಂದಕ್ಷರವೂ ಇಲ್ಲದವು. ಅವುಗಳ ಮುಂದೆಯೂ ಪ್ರಾಜಕ್ತಾ. ಅಲ್ಲ, ಏನೂ ಇಲ್ಲದ ಸಾಲಿನಲ್ಲಿ ಏನನ್ನು ಬದಲಿಸುತ್ತಾರೆ? ಎಲ್ಲಕ್ಕೂ ಒಂದೇ ದಿನಾಂಕ, ಖಂಡೇನವಮಿ, ಆಯುಧಪೂಜೆಯ ದಿನ. ಹೋದ ವಾರ ಅದನ್ನೂ ಅವಳು ಬಿಟ್ಟಿರಲಿಲ್ಲ. ಹಬ್ಬದ ದಿನ ಯಾರೂ ನೋಡುವುದಿಲ್ಲ ಎಂದು ಕಳ್ಳಿಯ ಹಾಗೆ ಮಾಡಿದ್ದಾಳೆ ಎಂದು ವಾರ್ಡಿನ ನಡುವೆ ಆಡಿದ್ದಳು.

“ಖಂಡೇನವಮಿ ದಿನ ಆಫೀಸಿನ ಕಂಪ್ಯೂಟರು?”

“ಎಲ್ಲಾ ಬಂದ್ ರೀ. ಕುಂಕುಮ ಹಚ್ಚಿ, ದಾರ ಸುತ್ತಿ ಪೂಜಾಕ್ಕ ಇಟ್ಟಿದ್ವಿ.” ಶೇಠರ ದನಿ ಸಣ್ಣದಾಯಿತು. “ಬಾಯಾರ, ಆ ಬದಲಿಗೆ ಒಪ್ಪಿಗಿ ಕೊಟ್ಟಾಂವ ನಾನ. ಹೋಳಗಿ ಊಟಾ ಮಾಡಿ ಕುಂತಿದ್ದೆ, ಮೊಬೈಲಿಗೆ ಬಂತು. ಬದಲಾದ ಸಾಲಿಗೆ ಬಣ್ಣ ಹತ್ತತೈತ್ರಿ, ಇಡೀ ಫೈಲು ಕೆಂಪ ಹಸರ ಆಗಿತ್ತು. ಪ್ರಾಜಕ್ತಾನ ಹೆಸರೈತಿ, ಸಾಲಿನ ಕೊನಿ ಸೆಟ್ಟಿಂಗಿಗೆ ಹೊಸಾ ಹೆಸರ ಹಾಕಾಕತ್ತಿದ್ಲಲ್ಲ, ಅದ ಇರಬೇಕಂತ ಒತ್ತಿಬಿಟ್ಟೆ. ಹಬ್ಬದಾಗೂ ದುಡೀತೈತಿ ಕೂಸು ಅಂತ ಖುಷಿನೂ ಪಟ್ಟೆ.”

“ಏನದು ಸಾಲಿನ ಕೊನಿ ಸೆಟ್ಟಿಂಗು?”

“ಅದನ್ನ ಆಕೀನ ಕೇಳಬೇಕ್ರಿ. ನನ್ನ ತಲಿಗೆ ಹತ್ತಿಲ್ಲ.”

ಸುಶೀಲಾಬಾಯಿಗೆ ಕಿವಿಯಿಂದ ಕುತ್ತಿಗೆಯವರೆಗೆ ಬಿಸಿಯೇರಿತು. ನಾಚಿಕೆ. ಸೆರಗು ಜಾರಿದಾಗ ಆಗುವಂಥ ಸಣ್ಣ ನಾಚಿಕೆಯಲ್ಲ. ಓದದೆ ಒತ್ತಿದ ಶೇಠರೂ ಓದದೆ ಬೆರಳು ತೋರಿಸಿದ ತಾನೂ ಒಂದೇ ಆದೆವಲ್ಲ ಎಂದುಕೊಂಡಳು.

“ಈ ಅರ್ಜಿ ಯಾವಾಗ ಕೊಡ್ತೀರಿ?”

“ನಾಳೆ ಮುಂಜಾನೆ. ಮಗ್ಗದ ಶೆಡ್ಡಿನವರು ತಡಿಯಂಗಿಲ್ಲ. ಯಾರದರ ಒಂದ ಹೆಸರ ಬೇಕ ಬೇಕು ಅಂದಾರ.”

“ಹಂಗಾರ ನಾಳೆ ಮುಂಜಾನೆತನಾ ನನಗ ಬಿಡ್ರಿ. ಖಂಡೇನವಮಿ ಹಿಂದಿನ ಫೈಲೊಂದು, ಆಮ್ಯಾಲಿಂದೊಂದು, ಎರಡೂ ಪೆನ್‌ಡ್ರೈವಿಗೆ ಹಾಕಿ ಕೊಡ್ರಿ.”

ಪೆನ್ನಿಗೆ ಟೋಪಿ ಹಾಕಿ ಮೇಜಿನ ಮೇಲಿಟ್ಟು ಎದ್ದಳು.

ಮಗ್ಗದ ಕೆಲಸಗಾರರ ಸಾಲುಮನೆಗಳ ಕೊನೆಯಲ್ಲಿ ಯಲಗೂರಪ್ಪನ ಮನೆ. ಅವನ ಹೆಂಡತಿ ಸಾವಕ್ಕ ಹೊಸ್ತಿಲ ಹತ್ತಿರ ಕುಳಿತು ನೂಲು ಸುತ್ತಿದ ಕಾಂಡಿಗಳನ್ನು ಬುಟ್ಟಿಗೆ ಜೋಡಿಸುತ್ತಿದ್ದಳು. ಸುಶೀಲಾಬಾಯಿಯನ್ನು ನೋಡಿದಳು, ಏಳಲಿಲ್ಲ. ಬಾಗಲಕೋಟೆ ಕಡೆಯ ಹೆಣ್ಣುಮಗಳು. ಬಾಗಿಲಿಗೆ ಬಂದವರನ್ನು “ಬರ್ರಿ” ಅನ್ನದೆ ಇದ್ದದ್ದು ಇದೇ ಮೊದಲೇನೋ.

“ಇನ್ನೇನ ಉಳದೈತ್ರಿ ಬಾಯಾರ?”

“ತಪ್ಪಾತು ಸಾವಕ್ಕ. ಭಾಳ ದೊಡ್ಡ ತಪ್ಪಾತು. ನಿನ್ನ ಮಗಳು ಮಾಡಿಲ್ಲ ಅಂತ ನನಗ ಅನಸಾಕತ್ತೈತಿ.”

ಸಾವಕ್ಕ ಕೈಯಲ್ಲಿದ್ದ ಕಾಂಡಿಯನ್ನು ಬುಟ್ಟಿಗಿಟ್ಟಳು. “ಅವತ್ತ ವಾರ್ಡಿನ ತುಂಬ ಮಂದಿ ಇದ್ರು. ನೀವು ಹೇಳಿದ್ದು ಎಲ್ಲಾರೂ ಕೇಳಿದ್ರು. ತಪ್ಪಾತು ಅನ್ನೂದನ್ನ ಕೇಳಾಕ ಮಾತ್ರ ಇಲ್ಲಿ ನಾನೊಬ್ಬಾಕಿನ ಅದೇನಿ.”

ಸುಶೀಲಾಬಾಯಿ ಚಪ್ಪಲಿ ಬಿಟ್ಟು ಅವಳೆದುರು ನೆಲಕ್ಕೆ ಕುಳಿತಳು.

“ನನ್ನ ಗಂಡ ಅವತ್ತಿಂದ ಮಗಳ ಕೂಡ ಒಂದ ಮಾತ ಆಡಿಲ್ರಿ. ಆಕಿ ಹೋದ್ರ ಗ್ವಾಡಿ ಕಡೆ ಮುಖ ಮಾಡ್ತಾನ. ನನ್ನ ಕೂಡೂ ಇಲ್ಲ. ಅಷ್ಟ ಸಿಟ್ಟ ಹಿಡದಾನ.”

ಆಸ್ಪತ್ರೆಯಲ್ಲಿ ಯಲಗೂರಪ್ಪ ಗೋಡೆಗೆ ತಿರುಗಿದ್ದನ್ನು ಸುಶೀಲಾಬಾಯಿಯೂ ಕಂಡಿದ್ದಳು. ಮಗಳ ಮುಖ ನೋಡಲು ಮನಸ್ಸಿಲ್ಲ ಪಾಪ ಎಂದು ಕನಿಕರವನ್ನೂ ತೋರಿಸಿ ಬಂದಿದ್ದಳು. ಈಗ ಆ ಕನಿಕರ ನೆನೆದರೂ ಮೈ ಹಿಡಿಯಾಯಿತು.

ಒಳಗಿನಿಂದ ಪ್ರಾಜಕ್ತಾ ಬಂದಳು. ಬಾಚದ ತಲೆ, ಅತ್ತು ಬತ್ತಿದ ಕಣ್ಣು. ಏನೂ ಮಾತಾಡದೆ ಕೈ ಚಾಚಿದಳು. ಸುಶೀಲಾಬಾಯಿ ಪೆನ್‌ಡ್ರೈವ್ ಕೊಟ್ಟಳು, ಪ್ರಿಂಟಿನ ಮೊದಲ ಹಾಳೆ ತೋರಿಸಿ ಬೆರಳಿಟ್ಟಳು.

ದೇವರ ಸಾಲಿನ ಮುಂದೆ ತನ್ನ ಹೆಸರು ನೋಡಿದ ಹುಡುಗಿ ಗೋಡೆಗೆ ಆತು ಕುಳಿತುಬಿಟ್ಟಳು.

“ಅವತ್ತ ನನಗ ಪ್ರಿಂಟ ತೋರಿಸೇ ಇಲ್ಲಲ್ರಿ ನೀವು,” ಅಂದಳು. “ಲಾಗಿನ್ನೂ ಬಂದ್ ಮಾಡಿದ್ರು. ನಾನ ಎಲ್ಲೋ ತಪ್ಪ ಮಾಡಿರಬೇಕು, ನನ್ನಿಂದನ ಅಪ್ಪನ ಬೆರಳ ಹೋದುವು ಅಂತ ಇಷ್ಟ ದಿನಾ ನಿದ್ದಿಲ್ದ ಬಿದ್ದೀನಿ. ಇದನ್ನ ಒಮ್ಮೆ ನೋಡಿದ್ರ ಸಾಕಿತ್ತು.”

“ಹೇಳ ತಾಯಿ. ನನಗ ತಿಳಿಯೂವಂಗ ಹೇಳು.”

ಪ್ರಾಜಕ್ತಾ ತನ್ನ ಕಾಲೇಜಿನ ಕಾಲದ ಲ್ಯಾಪ್‌ಟಾಪ್ ತೆಗೆದಳು. ಹೇಳುತ್ತ ಹೇಳುತ್ತ ಅವಳ ದನಿಗೆ ಜೀವ ಬಂತು.

“ಪ್ರತಿ ಸಾಲಿನ ಕೊನಿಗೆ ಕಣ್ಣಿಗೆ ಕಾಣಲಾರದ ಒಂದ ಗುರ್ತ ಇರತೈತ್ರಿ, ಇಲ್ಲಿಗೆ ಸಾಲ ಮುಗೀತು ಅಂತ. ಕೆಲವು ಕಂಪ್ಯೂಟರ್ ಒಂದ ಗುರ್ತ ಹಾಕ್ತಾವು, ಕೆಲವು ಎರಡ ಹಾಕ್ತಾವು. ಅರಿವಿ ಅಂಚಿಗೆ ಒಂದ ಹೊಲಿಗಿ ಹಾಕಿದ್ರೇನು, ಎರಡ ಹಾಕಿದ್ರೇನು, ಅರಿವಿ ಅದ. ಆದ್ರ ಭಂಡಾರಕ್ಕ ಅದು ತಿಳಿಯಂಗಿಲ್ಲ. ಅಂಚು ಬ್ಯಾರೆ ಅಂದ್ರ ಇಡೀ ಸಾಲ ಬ್ಯಾರೆ ಅಂತೈತಿ.”

“ಖಾಲಿ ಸಾಲಿಗೂ?”

“ಖಾಲಿ ಸಾಲಿಗೂ ಕೊನಿ ಇರತೈತಲ್ರಿ. ಅದಕ್ಕ ದೇವರ ಸಾಲಿಗೂ ಹೆಸರ ಬಂದೈತಿ.”

ಕೀಲಿಮಣೆಯ ಮೇಲೆ ಅವಳ ಬೆರಳು ಓಡಿದವು. ಎರಡೂ ಫೈಲು ಅಕ್ಕಪಕ್ಕ ಬಂದವು. ಎಲ್ಲ ಕೆಂಪು, ಎಲ್ಲ ಹಸಿರು. “ಈಗ ಸಾಲಿನ ಕೊನಿ ಲೆಕ್ಕಕ್ಕ ಹಿಡೀಬ್ಯಾಡ ಅಂತ ಹೇಳ್ತೇನಿ ನೋಡ್ರಿ,” ಎಂದು ಒಂದು ಗುಂಡಿ ಒತ್ತಿದಳು.

ಬಣ್ಣವೆಲ್ಲ ಆರಿಹೋಯಿತು. ಒಂದೇ ಒಂದು ಸಾಲು ಮಾತ್ರ ಉಳಿಯಿತು, ಕೈ ಅಡ್ಡ ಬಂದರೆ ಮಗ್ಗ ನಿಲ್ಲಿಸು ಅನ್ನುವ ಸಾಲು. ಅದನ್ನು ಯಾರೋ ಕೆಲಸ ಮಾಡದಂತೆ ಮುಚ್ಚಿದ್ದರು.

ಸಾವಕ್ಕ ಬುಟ್ಟಿ ಬಿಟ್ಟು ಎದ್ದು ಬಂದು ಪರದೆಯನ್ನೇ ನೋಡಿದಳು. ಅವಳಿಗೆ ಓದಲು ಬರುತ್ತಿರಲಿಲ್ಲ. ಆದರೂ ಆ ಸಾಲನ್ನು ಬಹಳ ಹೊತ್ತು ನೋಡಿದಳು.

“ಇದ ಒಂದ ಸಾಲ ಕೆಂಪ ಕಂಡಿದ್ರ ಶೇಠಜಿ ಹಿಡೀತಿದ್ರು,” ಅಂದಳು ಪ್ರಾಜಕ್ತಾ. “ಎಲ್ಲಾ ಕೆಂಪ ಆಗಿದ್ದಕ್ಕ ಇದು ಅದರಾಗ ಮುಚ್ಚಿ ಹೋತು.”

“ಅಂಚು ಬದಲ ಆಗೂದು ಹ್ಯಾಂಗ?”

ಅಲ್ಲಿಗೆ ಆ ಸೆಟ್ಟಿಂಗಿನ ಹೆಸರಿನ ಕಥೆ ಬಂತು. ಮೊದಲು ಅದರ ಹೆಸರು ಆಟೋ-ಎಂಡ್. ಸಾಲಿನ ಕೊನೆಯನ್ನು ತಾನೇ ನೋಡಿಕೊಳ್ಳುತ್ತದೆ ಅನ್ನುವ ಅರ್ಥದಲ್ಲಿ ಹಿಂದೆ ಯಾರೋ ಇಟ್ಟದ್ದು. ಎಲ್ಲಿ ನೋಡಿಕೊಳ್ಳುತ್ತದೆ? ಭಂಡಾರಕ್ಕೆ ಹಾಕುವಾಗಲೋ, ಭಂಡಾರದಿಂದ ನಮ್ಮ ಕಂಪ್ಯೂಟರಿಗೆ ತೆಗೆಯುವಾಗಲೋ? ಹೆಸರು ಅದನ್ನು ಹೇಳುತ್ತಿರಲಿಲ್ಲ. ಹೊಸಬರು ಒಬ್ಬೊಬ್ಬರೂ ಒಂದೊಂದು ತಿಳಿದುಕೊಂಡು ಎಡವುತ್ತಿದ್ದರು. ಪ್ರಾಜಕ್ತಾ ಹಟ ಹಿಡಿದು ಅದನ್ನು ಎರಡು ಮಾಡಿಸಿದ್ದಳು. ಭಂಡಾರದಲ್ಲಿ ಇಡುವ ಕೊನೆಗೆ ಸ್ಟೋರ್-ಎಂಡ್, ಕೆಲಸದ ಕಂಪ್ಯೂಟರಿನ ಕೊನೆಗೆ ವರ್ಕ್-ಎಂಡ್.

“ಹೆಸರಿಡೂದಕ್ಕ ಭಾಳ ಜಗಳ ಆತ್ರಿ. ಶೇಠಜಿ ಹಳೇದ ಇರಲಿ ಅಂತಾರ, ಸರ್ವಿಸ್ ಕಡೆ ಮಗ್ಗ ರಿಪೇರಿ ಮಾಡೂ ಜಾಬರ್ ವಿಜಯಣ್ಣ ಮರಾಠಿ ಹೆಸರಿಡ್ರಿ ಅಂತಾನ. ತೊಟ್ಟಲದಾಗ ಕೂಸಿಗೆ ಹೆಸರ ಕರದ ಸ್ವಾದರತ್ತಿ ಬೆನ್ನಿಗೆ ಎಲ್ಲಾರೂ ಗುದ್ದತಾರಲ್ಲ, ಹಂಗ ನನಗೂ ಗುದ್ದಿದ್ರು.” ಹುಡುಗಿಯ ತುಟಿಯ ಮೇಲೆ ನಗು ಬಂದಂತೆ ಮಾಡಿ ಹೋಯಿತು. “ದಸರಾ ಮೊದಲ ಹೊಸಾ ಹೆಸರ ಬಂದುವು. ಆಫೀಸಿನ ಎಲ್ಲಾ ಕಂಪ್ಯೂಟರ್‌ನಾಗೂ ನಾನ ಕುಂತು ಹಳೇದು ತಗದು ಹೊಸಾದು ಹಾಕೀನಿ. ಹೊಸಾ ಭಂಡಾರಕ್ಕ ಹಳೇ ಹೆಸರ ತಿಳಿಯಂಗಿಲ್ರಿ. ತಿಳೀಲಿಲ್ಲ ಅಂತ ಒದರೂದೂ ಇಲ್ಲ, ಸುಮ್ಮನ ಬಿಟ್ಟುಬಿಡತೈತಿ. ಹಳೇ ಹೆಸರಿರೂ ಕಂಪ್ಯೂಟರಿನಾಗಿಂದ ಕಳಸಿದ್ರ ಎಲ್ಲಾ ಸಾಲಿನ ಅಂಚೂ ಬದಲ ಆಗತಾವು. ಹಳೇ ಹೆಸರ ಕಂಡ್ರ ಒದರು ಅಂತ ನಾ ಬರೀಬೇಕಿತ್ತು, ಬರೀಲಿಲ್ಲ. ನನ್ನ ತಪ್ಪು ಅಂದ್ರ ಅದೊಂದ.”

“ಅಂದ್ರ ಹಳೇ ಹೆಸರ ಇನ್ನೂ ಉಳದ ಕಂಪ್ಯೂಟರ್ ಹುಡಕಬೇಕು.”

“ಹೌದ್ರಿ. ಅದರಾಗ ನನ್ನ ಹೆಸರೂ ಉಳದಿರಬೇಕು.” ಪ್ರಾಜಕ್ತಾ ತಲೆ ಬಗ್ಗಿಸಿದಳು. “ಅಂಥಾದ್ದು ಒಂದ ಐತಿ. ಕಂಪನಿಯವರು ನನಗ ಮೊದಲ ಕೊಟ್ಟ ಲ್ಯಾಪ್‌ಟಾಪು. ಹೊಸಾದು ಕೊಟ್ಟಾಗ ಅದನ್ನ ಸರ್ವಿಸ್ ಕಡೆ ಕೊಟ್ಟಬಿಟ್ಟೆ. ನನ್ನ ಹೆಸರ ತಗದು ನಿಮ್ಮದು ಹಾಕ್ಕೋರಿ ಅಂದಿದ್ದೆ. ಹಾಕ್ಕೊಂಡಿಲ್ಲ ಕಾಣತೈತಿ.”

“ಸರ್ವಿಸ್‌ದಾಗ ಯಾರಿಗೆ? ವಿಜಯಗ?”

ಪ್ರಾಜಕ್ತಾ ಅವ್ವನನ್ನು ನೋಡಿದಳು. ಸಾವಕ್ಕ ಮುಖ ಬೇರೆ ಕಡೆ ತಿರುಗಿಸಿದಳು. ಇಬ್ಬರಿಗೂ ಗೊತ್ತಿತ್ತು.

“ನಾ ಹೇಳಂಗಿಲ್ರಿ,” ಅಂದಳು ಹುಡುಗಿ. “ಹೋದ ವಾರ ನೀವು ಸರಿಯಾಗಿ ನೋಡ್ದನ ಒಬ್ಬರ ಹೆಸರ ಹೇಳಿದ್ರಿ. ನಾ ಹಂಗ ಮಾಡಂಗಿಲ್ಲ. ಲ್ಯಾಪ್‌ಟಾಪ್ ತಗದು ನಿಮ್ಮ ಕಣ್ಣಿಲೆ ನೋಡ್ರಿ. ಅದರ ಮುಚ್ಚಳದ ಮೂಲಿ ಒಡದೈತಿ, ದವಾಖಾನಿ ಬಿಳೇ ಪಟ್ಟಿ ಅಂಟಸೀನಿ.”

ಬಿಳೇ ಪಟ್ಟಿ.

ಸುಶೀಲಾಬಾಯಿ ತನ್ನ ಅಂಗೈ ನೋಡಿಕೊಂಡಳು. ಆ ಬಿಳೇ ಪಟ್ಟಿಯನ್ನು ಅವಳು ಒದ್ದೆ ಬಟ್ಟೆಯಿಂದ ಒರೆಸಿದ್ದಳು.

“ಹ್ಯಾಂಗ ನೋಡೂದು ಅಂತ ಮೊಬೈಲಿಗೆ ಬರದು ಹಾಕ್ತೇನಿ. ಪಾಸ್‌ವರ್ಡೂ ಹಾಕ್ತೇನಿ, ಬದಲ ಮಾಡಿರದಿದ್ರ ತೆರೀತೈತಿ,” ಎಂದಳು ಪ್ರಾಜಕ್ತಾ. “ಸಂಜಿಮುಂದ ನಾವು ಅಪ್ಪನ ಕಡೆ ಇರ್ತೇವಿ. ಹೆಸರ ಸಿಕ್ಕ ಕೂಡ್ಲೆ ಫೋನ್ ಮಾಡ್ರಿ. ಯಾರದರ ಇರಲಿ, ಮಾಡಿದಾಂವ ತನ್ನ ಬಾಯಿಲೆ ಹೇಳಬೇಕು. ನಮ್ಮಪ್ಪ ಕೇಳಬೇಕು, ವಾರ್ಡಿನ ಮಂದಿನೂ ಕೇಳಬೇಕು.”

“ಕೇಳಸ್ತೇನಿ,” ಅಂದಳು ಸುಶೀಲಾಬಾಯಿ. “ಆಣಿ ಮಾಡಿ ಹೇಳ್ತೇನಿ, ಕೇಳಸ್ತೇನಿ.”

ಕೊಲ್ಹಾಪುರದ ಎಸ್‌ಟಿ ಸ್ಟ್ಯಾಂಡಿನಲ್ಲಿ ಇಳಿದು, ಮನೆಯಿದ್ದ ಗಡಹಿಂಗ್ಲಜಕ್ಕೆ ಬಸ್ಸು ಬದಲಿಸಬೇಕು. ಅವಳ ಕಚೇರಿ ಅಲ್ಲಿಂದ ಕೂಗಳತೆ. ಬೋರ್ಡು ಕಣ್ಣಿಗೆ ಬೀಳದ ಹಾಗೆ ಬೆನ್ನು ಮಾಡಿ ನಿಂತು ಗಡಹಿಂಗ್ಲಜದ ಬಸ್ಸು ಹತ್ತಿದಳು.

ಕಿಟಕಿಯಾಚೆ ಕಬ್ಬಿನ ಟ್ರ್ಯಾಕ್ಟರುಗಳು ಸಾಲುಗಟ್ಟಿದ್ದವು. ಬಸ್ಸು ಒಂದೊಂದನ್ನು ದಾಟಿದಾಗಲೂ ಅವಳ ಮನಸ್ಸು ಒಂದೊಂದು ನೆಪ ಹುಡುಕುತ್ತಿತ್ತು. ಆ ಲ್ಯಾಪ್‌ಟಾಪನ್ನು ವಿಜಯನೂ ಒಯ್ದಿರಬಹುದು. ಜಾಬರ್ ಅವನು, ಮಗ್ಗ ರಿಪೇರಿ ಮಾಡುವವನು, ಅವನಿಗೇಕೆ ಬೇಕಾಗಿರಬಾರದು? ದೇವರೇ, ವಿಜಯನೇ ಆಗಿರಲಿ. ಹಾಗೆ ಅಂದುಕೊಂಡ ಮರುಕ್ಷಣವೇ ತನ್ನ ಮೇಲೆ ಹೇಸಿಗೆಯಾಯಿತು. ಹೋದ ವಾರ ಒಬ್ಬರ ಮಗಳನ್ನು ಸುಟ್ಟದ್ದು ಸಾಲದೆ ಈ ವಾರ ಮತ್ತೊಬ್ಬರ ಮಗನನ್ನು ಹುಡುಕಲು ಹೊರಟಿದ್ದಳು.

ಕಾಗಲ ದಾಟುವಷ್ಟರಲ್ಲಿ ನೆಪಗಳು ಮುಗಿದವು. ಖಂಡೇನವಮಿ ಉಳಿಯಿತು.

ಅವತ್ತು ಮನೆಯಲ್ಲಿ ಮಣೆ ಇಟ್ಟು, ಅದರ ಮೇಲೆ ಈಳಿಗೆ, ಕುಡಗೋಲು, ತನ್ನ ಪೊಲೀಸ್ ಸೀಟಿ, ಸೊಂಟದ ಪಟ್ಟಿ, ಎಲ್ಲವನ್ನೂ ಜೋಡಿಸಿದ್ದಳು. ಮಗನ ಲ್ಯಾಪ್‌ಟಾಪನ್ನೂ ಇಟ್ಟಿದ್ದಳು. ಧೂಳಾಗಿದ್ದ ಬಿಳೇ ಪಟ್ಟಿಯನ್ನು ಒರೆಸಿ, ಮುಚ್ಚಳಕ್ಕೆ ಕುಂಕುಮ ಹಚ್ಚಿ, ಚೆಂಡು ಹೂವು ಇಟ್ಟು, ನಾಳೆಯವರೆಗೆ ಯಾರೂ ಮುಟ್ಟಬೇಡಿ ಅಂದಿದ್ದಳು. ಹೋಳಿಗೆಯ ಹಂಚು ಇಳಿಸಿ ಬಂದು ನೋಡಿದರೆ ಹೂವು ನೆಲಕ್ಕೆ ಬಿದ್ದಿತ್ತು. ನಿಲೇಶ ಮೂಲೆಯಲ್ಲಿ ಲ್ಯಾಪ್‌ಟಾಪನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದ.

“ಪೂಜಿ ಎತ್ತೂದ್ರೊಳಗ ಯಾಕ ತಗದ್ಯೋ?” ಎಂದು ಬೈದಿದ್ದಳು.

“ಅರ್ಜೆಂಟ್ ಐತವ್ವ. ಒಂದ ಸಾಲ ಅಷ್ಟ,” ಅಂದಿದ್ದ.

ಒಂದೇ ಸಾಲು. ತುಪ್ಪ ಹಾಕಿ ಹೋಳಿಗೆ ಬಡಿಸಿದ್ದಳು ಅವಳು. ಊರವರ ಮಕ್ಕಳ ಸುದ್ದಿಯನ್ನೆಲ್ಲ ಬಗೆದು ತೆಗೆಯುವವಳು ತನ್ನ ಮಗನಿಗೆ ಯಾವ ಸಾಲು ಎಂದು ಕೇಳಿರಲಿಲ್ಲ.

ಗಡಹಿಂಗ್ಲಜದ ಮನೆಯಲ್ಲಿ ನಿಲೇಶ ಇರಲಿಲ್ಲ. ಲ್ಯಾಪ್‌ಟಾಪ್ ಕಪಾಟಿನಲ್ಲಿ ಹೊದಿಕೆಗಳ ಕೆಳಗಿತ್ತು. ಮುಚ್ಚಿಡುವ ವಸ್ತುವಲ್ಲ ಅದು, ದಿನಾ ಬೇಕಾಗುವ ವಸ್ತು. ಹೊದಿಕೆ ಸರಿಸಿದಾಗಲೇ ಅರ್ಧ ಉತ್ತರ ಸಿಕ್ಕಿತು. ಮುಚ್ಚಳದ ಮೇಲೆ ಕುಂಕುಮದ ಕಲೆ ಹಾಗೇ ಇತ್ತು, ಅವಳದೇ ಬೆರಳಿನ ಗುರುತು.

ಪ್ರಾಜಕ್ತಾಳ ಪಾಸ್‌ವರ್ಡಿಗೇ ಅದು ತೆರೆಯಿತು. ಮೊಬೈಲಿನಲ್ಲಿ ಬರೆದಂತೆ ಒಂದೊಂದೇ ಒತ್ತುತ್ತ ಸೆಟ್ಟಿಂಗಿನ ಫೈಲು ಕಂಡಳು. ಮೇಲೆ ಬಳಸುವವರ ಹೆಸರು: ಪ್ರಾಜಕ್ತಾ. ಕೆಳಗೆ ಸ್ಟೋರ್-ಎಂಡ್ ಹುಡುಕಿದಳು, ಇರಲಿಲ್ಲ. ವರ್ಕ್-ಎಂಡ್ ಇರಲಿಲ್ಲ. ಇದ್ದದ್ದು ಆಟೋ-ಎಂಡ್.

ಎಷ್ಟೋ ಕಳ್ಳರ ಮನೆ ಜಾಲಾಡಿ ಜಡತಿ ಮಾಡಿದ ಕೈ ಅವಳದು. ಸಿಕ್ಕಾಗ ಒಳಗೊಳಗೇ ಹಿಗ್ಗುತ್ತಿದ್ದ ಮನಸ್ಸು. ಇವತ್ತು ಸಿಕ್ಕಿತು, ಅವಳು ನೆಲಕ್ಕೆ ಕುಳಿತಳು.

ಹೊರಗೆ ಮೋಟರ್‌ಸೈಕಲ್ ನಿಂತಿತು. ನಿಲೇಶ ಚಪ್ಪಲಿ ಬಿಡುತ್ತ, “ಅವ್ವ, ಇವತ್ತ ಯಾಕ ಲಗೂ ಬಂದಿ?” ಎಂದು ಒಳಗೆ ಬಂದ. ತೊಡೆಯ ಮೇಲಿನ ಲ್ಯಾಪ್‌ಟಾಪ್ ಕಂಡ. ಅಲ್ಲೇ ನಿಂತ.

“ಆಕೀ ಹೆಸರ ಯಾಕ ತಗದಿಲ್ಲ ಇದರಾಗಿಂದ?”

“ಮರ್ತಿದ್ದೆ ಅವ್ವ. ಖರೇನ ಮರ್ತಿದ್ದೆ.”

“ಪ್ರಿಂಟ ತಂದು ನನ್ನ ಕೈಯಾಗ ಕೊಡೂ ಮುಂದ? ಅವಾಗೂ ಮರ್ತಿದ್ಯಾ?”

ನಿಲೇಶ ಬಾಗಿಲ ಕಡೆ ನೋಡಿದ.

“ನಿನ್ನ ಅವ್ವ ಹವಾಲ್ದಾರಳು, ಆಕಿ ಹೇಳಿದ್ರ ಮಂದಿ ನಂಬತಾರಂತ ನನ್ನ ಬಾಯಿಂದ ಹೇಳಿಸ್ದಿ. ಅಪ್ಪನ ಮುಂದ ಆ ಹುಡುಗೀ ಮಾನ ತಗದ್ನೆಲ್ಲೋ ನಾನು! ನಾಚಿಕಿ ಬರಲಿಲ್ಲೇನೋ ನಿನಗ?”

“ಹೆದರಿದ್ದೆ ಅವ್ವ.” ಅವನ ಮೋರೆ ಸಣ್ಣ ಹುಡುಗನ ಹಾಗಾಯಿತು. “ಮೊದಲ ಎಲ್ಲಾ ಸಾಲಿಗೂ ಆಕೀ ಹೆಸರ ಬಂದದ್ದು ನನಗೂ ಗೊತ್ತಿದ್ದಿಲ್ಲ. ಬೆರಳ ಹೋದ ಮ್ಯಾಲ ತಗದು ನೋಡ್ದೆ. ನನ್ನ ಹೆಸರು ಎಲ್ಲೂ ಇದ್ದಿಲ್ಲ. ಸುಮ್ಮನ ಉಳದೆ.”

ಒಂದು ಗಳಿಗೆ ಅವಳ ತಾಯಿಜೀವ ಅಲುಗಿತು. ಅರ್ಜಿಗೆ ನಾಳೆ ಮುಂಜಾನೆಯವರೆಗೆ ಸಮಯವಿದೆ. ಕುಂಕುಮ ಒರೆಸಿ, ಒಂದು ಹೆಸರು ಅಳಿಸಿದರೆ ಮುಗಿಯಿತು. ಹಾಗೆ ಯೋಚಿಸಿದೆನಲ್ಲ ಎಂದು ಮತ್ತೂ ನಾಚಿದಳು. ಮೊಬೈಲ್ ತೆಗೆದು ಪ್ರಾಜಕ್ತಾಳ ನಂಬರು ಒತ್ತಿ, ಸ್ಪೀಕರ್ ಹಾಕಿ ನೆಲದ ಮೇಲಿಟ್ಟಳು.

“ನಿನ್ನ ಬಾಯಿಲೆ ಹೇಳು. ಆಣಿ ಮಾಡಿ ಬಂದೀನಿ.”

ಫೋನು ರಿಂಗಾಗುತ್ತಿತ್ತು.

“ಇಡವ್ವ! ಮೊದಲ ನನ್ನ ಮಾತ ಕೇಳು.” ನಿಲೇಶ ಮೊಣಕಾಲೂರಿದ. “ಆ ಸಾಲ ನಾ ಮುಚ್ಚೀನಿ, ಹೌದು. ಆದ್ರ ನನ್ನ ಮನಸಿಗೆ ಬಂದು ಮುಚ್ಚಿಲ್ಲ. ಮುಚ್ಚು ಅಂತ ನನಗ ಫೋನ್ ಹಚ್ಚಿದಾಂವ...”

ರಿಂಗು ನಿಂತಿತು, ಆಚೆ ಫೋನು ಎತ್ತಿದ್ದರು. ಅವನಿಗೆ ಅದು ಕೇಳಿಸಲಿಲ್ಲ, ಅವಳಿಗೆ ಕೇಳಿಸಿತು. ಕೈ ಚಾಚಿ ಆರಿಸಬಹುದಿತ್ತು. ಇದು ತಾಯಿಮಗನ ನಡುವಿನ ಗುಟ್ಟಾಗಿ ಉಳಿಯುವುದು ಬೇಡ ಎಂದು ಹಾಗೇ ಬಿಟ್ಟಳು.

“...ಯಲಗೂರಪ್ಪ ಕಾಕಾ. ದಸರಾ ಮುಹೂರ್ತದ ಅರಿವಿ ಮಗ್ಗ ನಿಲ್ಲದಂಗ ಇಳೀಬೇಕು, ನಡುವ ನಿಂತ್ರ ಶಕುನ ಕೆಡತೈತಿ ಅಂತ ಅವರ ಶೆಡ್ಡಿನ ಪದ್ಧತಿ. ಹತ್ತಿ ಧೂಳ ಹಾರಿ ಆ ಕಣ್ಣಿಗೆ ಬಡದ್ರ ಸಾಕು, ಮಗ್ಗ ನಿಂತುಬಿಡತಿತ್ತು. ಆ ಕಣ್ಣ ಮುಚ್ಚಸೋ ನಿಲೇಶಾ, ನನ್ನ ಮಗಳಿಗೆ ಹೇಳಿದ್ರ ಮಾಡಂಗಿಲ್ಲ ಅಂತ ಕೈ ಮುಗದು ಕೇಳಿದ. ಕೇಳಿದಾಂವ ಅಂವ ಅವ್ವ!”

ನೆಲದ ಮೇಲಿನ ಫೋನಿನಿಂದ ಹಲೋ ಬರಲಿಲ್ಲ. ಎಲ್ಲರೂ ಕೇಳಲೆಂದು ಆಚೆಯೂ ಸ್ಪೀಕರ್ ಹಾಕಿದ್ದರು, ವಾರ್ಡಿನ ಗದ್ದಲ ಬಂತು, ಎಲ್ಲೋ ಸ್ಟೀಲ್ ಲೋಟ ಬಿದ್ದ ಸದ್ದು ಬಂತು. ಆಮೇಲೆ ಪ್ರಾಜಕ್ತಾಳ ದನಿ, ಫೋನಿಗಲ್ಲ, ಪಕ್ಕದಲ್ಲಿದ್ದವನಿಗೆ.

“ಅಪ್ಪಾ?”

ನಿಲೇಶ ಫೋನನ್ನು ನೋಡಿ ಬಿಳಿಚಿಕೊಂಡ.

ಸುಶೀಲಾಬಾಯಿಗೆ ಆಗ ಅರ್ಥವಾಯಿತು. ಯಲಗೂರಪ್ಪ ಗೋಡೆಯ ಕಡೆ ತಿರುಗಿದ್ದು ಸಿಟ್ಟಿನಿಂದಲ್ಲ. ಇಷ್ಟು ದಿನ ಮಗಳು ಅವನ ತಪ್ಪನ್ನು ಹೊತ್ತುಕೊಂಡು ಬೆಂದಿದ್ದಳು, ಅವನು ನಾಚಿ ಮುಖ ಮುಚ್ಚಿಕೊಂಡಿದ್ದ. ಈಗ ಅವನ ಮಾನವನ್ನೂ ವಾರ್ಡಿನ ತುಂಬ ಮಂದಿಯ ನಡುವೆ ತೆಗೆದವಳು ಇವಳೇ.

ಫೋನಿನಲ್ಲಿ ಒಬ್ಬ ಗಂಡಸು ಕೆಮ್ಮಿದ. ಒಂದು ವಾರದಿಂದ ಮನೆಯವರೂ ಕೇಳದಿದ್ದ ದನಿ, ಒಣಗಿ ಹೋಗಿತ್ತು.

“ಹೌದವ್ವ ಪ್ರಾಜಕ್ತಾ. ನಾನ ಹೇಳಿದ್ದೆ. ಹೇಳಾಕ ಬಾಯಿ ಬರಲಿಲ್ಲ ನನಗ.” ಉಸಿರು ಎಳೆದುಕೊಂಡ. “ಆದ್ರ ನಿಲೇಶಾ, ಅರ್ಧಾ ಹೇಳಬ್ಯಾಡ. ಅದೊಂದ ದಿವಸಕ್ಕ ಮುಚ್ಚು ಅಂದಿದ್ದೆ ನಾ. ದಸರಾ ಮರುದಿನ ನಿನಗ ಮತ್ತ ಫೋನ್ ಹಚ್ಚಿ ಕಣ್ಣ ತೆರಿ ಅಂದೆ. ಅವಾಗ ನೀ ನನಗ ಏನಂದಿ? ನನ್ನ ಮಗಳ ಹೆಸರ ಹೇಳಿ ಹ್ಯಾಂಗ ಅಂಜಿಸ್ದಿ? ಅದನ್ನ ನಿಮ್ಮವ್ವನ ಮುಂದ ಹೇಳು.”

ನಿಲೇಶ ಫೋನು ಆರಿಸಲು ಕೈ ಚಾಚಿದ. ಸುಶೀಲಾಬಾಯಿ ಆ ಕೈಯನ್ನು, ಐದೂ ಬೆರಳು ಇದ್ದ ಕೈಯನ್ನು, ಗಟ್ಟಿಯಾಗಿ ಹಿಡಿದುಕೊಂಡಳು.

“ಹೇಳು,” ಅಂದಳು.